ಬೈಕಿಗೆ ಎಬಿಎಸ್ ಬ್ರೇಕ್ ಬೇಕೇ? ಕೊಳ್ಳುವ ಮೊದಲು ತಿಳಿಯಬೇಕಾದ ಸಂಗತಿಗಳು



ಗಡಿನಾಡಿನ ನಮ್ಮ ಊರುಗಳಲ್ಲಿ ಬೈಕು ಇಲ್ಲದೆ ದಿನ ಸಾಗುವುದು ಕಷ್ಟ. ತಾಳವಾಡಿಯಿಂದ ಚಾಮರಾಜನಗರಕ್ಕೆ, ಜತ್ತದಿಂದ ವಿಜಯಪುರಕ್ಕೆ, ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ, ರಾಯದುರ್ಗದಿಂದ ಬಳ್ಳಾರಿಗೆ, ಮಡಕಶಿರಾದಿಂದ ಪಾವಗಡಕ್ಕೆ ಕೆಲಸ, ಓದು, ಮದುವೆ, ಆಸ್ಪತ್ರೆ ಎಂದು ಓಡಾಡುವವರಲ್ಲಿ ಬಹಳ ಮಂದಿ ಎರಡು ಚಕ್ರದ ಗಾಡಿಯನ್ನೇ ನಂಬಿದ್ದಾರೆ. ಸಂಘದ ಕಾರ್ಯಕ್ರಮ ಮುಗಿದ ಮೇಲೆ ಅಂಗಳದಲ್ಲಿ ಸಾಲಾಗಿ ನಿಂತ ಬೈಕುಗಳನ್ನು ನೋಡಿದರೆ ಇದು ತಿಳಿಯುತ್ತದೆ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಅಂದರೆ ನೂರರಲ್ಲಿ 44ಕ್ಕೂ ಹೆಚ್ಚು. ಆದ್ದರಿಂದ ಹೊಸ ಗಾಡಿ ಕೊಳ್ಳಲು ಹೊರಟ ಮನೆಯಲ್ಲಿ ಏಳುವ ಒಂದು ಪ್ರಶ್ನೆಯನ್ನು ಈ ಬಾರಿ ಎತ್ತಿಕೊಂಡಿದ್ದೇವೆ: ಎಬಿಎಸ್ ಇರುವ ಬೈಕಿಗೆ ಹೆಚ್ಚು ದುಡ್ಡು ಕೊಡುವುದು ಸಾರ್ಥಕವೇ? ಶೋರೂಮಿನಲ್ಲಿ ಇದನ್ನು ತಮಿಳಿನಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಮಲಯಾಳದಲ್ಲೋ ಅವಸರವಾಗಿ ಹೇಳಿ ಮುಗಿಸುತ್ತಾರೆ. ಇಲ್ಲಿ ಕನ್ನಡದಲ್ಲಿ, ನಿಧಾನವಾಗಿ ನೋಡೋಣ.

ಉತ್ತರ ಮೊದಲೇ ಹೇಳಿಬಿಡುತ್ತೇವೆ. ಸಾರ್ಥಕ. ಆದರೆ ಅದು ಯಾವ ಅಪಾಯವನ್ನು ತಪ್ಪಿಸುತ್ತದೆ, ಯಾವುದನ್ನು ತಪ್ಪಿಸುವುದಿಲ್ಲ ಎಂದು ತಿಳಿದಿರಬೇಕು.

ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಏನಾಗುತ್ತದೆ?

ಚಕ್ರ ಉರುಳುತ್ತಿರುವಷ್ಟು ಹೊತ್ತು ಟೈರು ರಸ್ತೆಯನ್ನು ಹಿಡಿದುಕೊಂಡಿರುತ್ತದೆ. ಗಾಬರಿಯಲ್ಲಿ ಬ್ರೇಕನ್ನು ಅತಿಯಾಗಿ ಹಿಡಿದರೆ ಚಕ್ರ ತಿರುಗುವುದು ನಿಂತುಬಿಡುತ್ತದೆ, ಗಾಡಿ ಮಾತ್ರ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಚಕ್ರ ಲಾಕ್ ಆಯಿತು ಎಂದು ಮೆಕ್ಯಾನಿಕ್‌ಗಳು ಹೇಳುವುದು ಇದನ್ನೇ. ಲಾಕ್ ಆದ ಟೈರು ರಸ್ತೆಯ ಮೇಲೆ ಜಾರುತ್ತದೆ. ಜಾರುವ ಟೈರಿಗೆ ಹಿಡಿತ ಕಡಿಮೆ, ಹ್ಯಾಂಡಲ್ ತಿರುಗಿಸಿದರೂ ಗಾಡಿ ಮಾತು ಕೇಳುವುದಿಲ್ಲ.

ಕಾರಿಗೆ ಹೀಗಾದರೆ ಅದು ಜಾರಿಕೊಂಡು ಹೋಗುತ್ತದೆ, ಆದರೂ ನಾಲ್ಕು ಚಕ್ರದ ಮೇಲೇ ಇರುತ್ತದೆ. ಬೈಕು ನೆಟ್ಟಗೆ ನಿಂತಿರುವುದೇ ಉರುಳುವ ಚಕ್ರದ ಬಲದಿಂದ. ಮುಂದಿನ ಚಕ್ರ ಲಾಕ್ ಆದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಗಾಡಿ ಅಡ್ಡ ಬೀಳುತ್ತದೆ. ಎಬಿಎಸ್‌ನಿಂದ ಕಾರಿಗಿಂತ ಬೈಕಿಗೇ ಹೆಚ್ಚು ಉಪಯೋಗ ಎನ್ನುವುದು ಇದೇ ಕಾರಣಕ್ಕೆ.

‘ಮುಂದಿನ ಬ್ರೇಕ್ ಮುಟ್ಟಬೇಡ, ಬೀಳ್ತೀಯ’ ಎಂದು ಗಾಡಿ ಕಲಿಸುವ ಹಿರಿಯರು ಹೇಳುವುದು ಈ ಭಯದಿಂದಲೇ. ಆದರೆ ಬ್ರೇಕ್ ಹಿಡಿದಾಗ ಗಾಡಿಯ ಮತ್ತು ಸವಾರನ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಮುಂದಿನ ಟೈರು ರಸ್ತೆಗೆ ಒತ್ತಿಕೊಳ್ಳುತ್ತದೆ, ಹಿಂದಿನದು ಹಗುರಾಗುತ್ತದೆ. ಹಾಗಾಗಿ ಗಾಡಿಯನ್ನು ನಿಲ್ಲಿಸುವ ಶಕ್ತಿಯ ಬಹುಪಾಲು ಮುಂದಿನ ಬ್ರೇಕಿನದು. ಹಿಂದಿನ ಬ್ರೇಕನ್ನಷ್ಟೇ ತುಳಿಯುವವರ ಗಾಡಿ ನಿಲ್ಲಲು ಬಹಳ ದೂರ ಬೇಕಾಗುತ್ತದೆ, ಹಿಂದಿನ ಚಕ್ರವೂ ಲಾಕ್ ಆಗಿ ಗಾಡಿ ಓಲಾಡುತ್ತದೆ. ಹೀಗೆ ನಮ್ಮಲ್ಲಿ ಅನೇಕರು ಬೀಳುವ ಭಯಕ್ಕೆ ಒಳ್ಳೆಯ ಬ್ರೇಕನ್ನೇ ಬಿಟ್ಟು ಓಡಿಸುತ್ತಿದ್ದಾರೆ.

ಎಬಿಎಸ್ ಮಾಡುವ ಕೆಲಸ

ಚಕ್ರದ ಪಕ್ಕದಲ್ಲಿ ಹಲ್ಲುಗಳೋ ತೂತುಗಳೋ ಇರುವ ಒಂದು ಬಳೆ ಇರುತ್ತದೆ. ಅದರ ಎದುರಿಗಿರುವ ಸೆನ್ಸರ್ ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಲೆಕ್ಕ ಇಡುತ್ತದೆ. ಚಕ್ರ ಇದ್ದಕ್ಕಿದ್ದಂತೆ ನಿಲ್ಲುವ ಹಂತಕ್ಕೆ ಬಂದರೆ ಚಿಕ್ಕದೊಂದು ಕಂಪ್ಯೂಟರ್ ಅದನ್ನು ಗುರುತಿಸಿ, ಬ್ರೇಕ್ ಆಯಿಲ್‌ನ ಒತ್ತಡವನ್ನು ಕ್ಷಣಮಾತ್ರ ಸಡಿಲಿಸುತ್ತದೆ. ಚಕ್ರ ಮತ್ತೆ ಉರುಳತೊಡಗಿದೊಡನೆ ಒತ್ತಡವನ್ನು ಪುನಃ ಏರಿಸುತ್ತದೆ. ಒಂದು ಸೆಕೆಂಡಿನಲ್ಲಿ ಹೀಗೆ ಹಲವು ಸಲ ನಡೆಯುತ್ತದೆ. ಇಷ್ಟು ಬೇಗ, ಇಷ್ಟು ಅಳತೆಯಿಂದ ಬಿಟ್ಟು ಹಿಡಿಯುವುದು ಮನುಷ್ಯನ ಬೆರಳಿಗೆ ಸಾಧ್ಯವಿಲ್ಲ.

ಈ ವಿದ್ಯೆ ಮೊದಲು ಬಂದದ್ದು ವಿಮಾನಗಳಿಗೆ. ಕಾರಿಗೆ 1978ರಲ್ಲಿ ಈಗಿನ ಎಲೆಕ್ಟ್ರಾನಿಕ್ ರೂಪದಲ್ಲಿ ಬಂತು. ಬೈಕಿಗೆ 1988ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಕೆ100ರ ಮೂಲಕ ಬಂತು. ಭಾರತದ ಕಂಪನಿಗಳಲ್ಲಿ ಇದನ್ನು ಮೊದಲು ಕೊಟ್ಟದ್ದು ನಮ್ಮ ಹೊಸೂರಿನ ಸದಸ್ಯರಿಗೆ ಚೆನ್ನಾಗಿ ಗೊತ್ತಿರುವ ಟಿವಿಎಸ್. 2011ರಲ್ಲಿ ಅದರ ಅಪಾಚೆ ಆರ್‌ಟಿಆರ್ 180 ಬೈಕು ಎಬಿಎಸ್‌ನೊಂದಿಗೆ ಮಾರುಕಟ್ಟೆಗೆ ಬಂತು.

ಲೆಕ್ಕ ಏನು ಹೇಳುತ್ತದೆ?

ಅಮೆರಿಕದಲ್ಲಿ ವಿಮಾ ಕಂಪನಿಗಳ ಹಣದಿಂದ ನಡೆಯುವ ಐಐಎಚ್‌ಎಸ್ ಎಂಬ ರಸ್ತೆ ಸುರಕ್ಷತಾ ಸಂಸ್ಥೆ ಒಂದೇ ಮಾಡೆಲ್‌ನ ಎಬಿಎಸ್ ಇರುವ ಬೈಕುಗಳನ್ನೂ ಇಲ್ಲದ ಬೈಕುಗಳನ್ನೂ ಹೋಲಿಸಿ ನೋಡಿತು. 2013ರ ಲೆಕ್ಕದಲ್ಲಿ ಎಬಿಎಸ್ ಇರುವವುಗಳಲ್ಲಿ ಸಾವಿನ ಅಪಘಾತದ ಪ್ರಮಾಣ ಶೇ. 31ರಷ್ಟು ಕಡಿಮೆ ಇತ್ತು. ಮುಂದೆ ಇನ್ನೂ ಹೆಚ್ಚಿನ ವರ್ಷಗಳ ಮಾಹಿತಿ ಸೇರಿಸಿದಾಗ ಅದು ಶೇ. 22ಕ್ಕೆ ಇಳಿಯಿತು. ಸ್ವೀಡನ್ನಿನಲ್ಲಿ 2009ರಲ್ಲಿ ಪ್ರಕಟವಾದ ಅಧ್ಯಯನ ಗಾಯದ ಅಪಘಾತಗಳಲ್ಲಿ ಶೇ. 38, ಗಂಭೀರ ಮತ್ತು ಸಾವಿನ ಅಪಘಾತಗಳಲ್ಲಿ ಶೇ. 48ರಷ್ಟು ಇಳಿಕೆ ಕಂಡಿತು. 2015ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಗಾಯದ ಅಪಘಾತಗಳ ಇಳಿಕೆ ಇಟಲಿಯಲ್ಲಿ ಶೇ. 24, ಸ್ಪೇನಿನಲ್ಲಿ ಶೇ. 29, ಸ್ವೀಡನ್ನಿನಲ್ಲಿ ಶೇ. 34.

ದೇಶದಿಂದ ದೇಶಕ್ಕೆ ಅಂಕಿ ಬದಲಾಗುತ್ತದೆ. ಎಬಿಎಸ್ ಕೊಳ್ಳುವವರು ಮೊದಲೇ ಎಚ್ಚರದ ಸವಾರರಾಗಿರಬಹುದಲ್ಲ ಎಂಬ ಸಂಶಯವೂ ನ್ಯಾಯವಾದದ್ದೇ. ಅವರ ರಸ್ತೆಗಳೇ ಬೇರೆ, ನಮ್ಮ ರಸ್ತೆಗಳೇ ಬೇರೆ. ಆದರೂ ಬೇರೆ ಬೇರೆ ದೇಶಗಳಲ್ಲಿ ಲೆಕ್ಕ ಹಾಕಿದರೂ ಇವೆಲ್ಲ ಒಂದೇ ಕಡೆಗೆ ಬೆರಳು ತೋರಿಸುತ್ತವೆ. ಶೇ. 48 ಎಂಬ ದೊಡ್ಡ ಅಂಕಿಯನ್ನು ನಂಬಿ ಮೈಮರೆಯುವುದು ಬೇಡ. ನೂರು ಅಪಘಾತಗಳಲ್ಲಿ ಇಪ್ಪತ್ತರಷ್ಟು ತಪ್ಪಿದರೂ ಅಷ್ಟು ಮನೆಗಳ ದೀಪ ಉಳಿದಂತೆ.

ಎಬಿಎಸ್ ಮಾಡಲಾರದ ಕೆಲಸ

ವೇಗಕ್ಕೆ ಅದು ಮದ್ದಲ್ಲ. ಒಣಗಿದ ಒಳ್ಳೆಯ ಡಾಂಬರು ರಸ್ತೆಯಲ್ಲಿ ಎರಡೂ ಬ್ರೇಕ್ ಚೆನ್ನಾಗಿ ಹಿಡಿದರೆ ಗಂಟೆಗೆ 40 ಕಿ.ಮೀ. ವೇಗದ ಗಾಡಿ ನಿಲ್ಲಲು ಸುಮಾರು 10 ಮೀಟರ್ ಬೇಕು. 60ರಲ್ಲಿ ಸುಮಾರು 23 ಮೀಟರ್, 80ರಲ್ಲಿ 41 ಮೀಟರ್. ಇದಕ್ಕೆ ಅಪಾಯ ಕಂಡು ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡನ್ನು ಸೇರಿಸಿದರೆ 80ರ ವೇಗದಲ್ಲಿ ಒಟ್ಟು 60 ಮೀಟರಿಗೂ ಮೇಲಾಯಿತು. ಎದುರಿಗೆ 30 ಮೀಟರಿನಲ್ಲಿ ಹಿಂದಿನ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಕಂಡರೆ ಯಾವ ಬ್ರೇಕೂ ಕಾಪಾಡುವುದಿಲ್ಲ.

ತಿರುವಿನಲ್ಲೂ ಅದರ ಶಕ್ತಿಗೆ ಮಿತಿ ಇದೆ. ಗಾಡಿ ವಾಲಿರುವಾಗ ಟೈರಿನ ಹಿಡಿತದ ಒಂದು ಪಾಲು ತಿರುಗುವುದಕ್ಕೇ ಖರ್ಚಾಗುತ್ತದೆ. ವಾಲಿಕೆಯನ್ನೂ ಅಳೆಯುವ ಎಬಿಎಸ್ ಇರುವುದು ದುಬಾರಿ ಬೈಕುಗಳಲ್ಲಿ, ಸಾಮಾನ್ಯ ಬೈಕುಗಳಲ್ಲಿ ಇಲ್ಲ. ತಾಳವಾಡಿ ಕಡೆಯವರಿಗೆ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು, ನೀಲಗಿರಿಯವರಿಗೆ ಕಲ್ಲಟ್ಟಿಯ 36 ತಿರುವು, ವಯನಾಡಿನವರಿಗೆ ತಾಮರಶ್ಶೇರಿ ಚುರದ 9 ತಿರುವು ಗೊತ್ತೇ ಇವೆ. ಅಲ್ಲಿ ತಿರುವಿಗೆ ಮೊದಲೇ ವೇಗ ಇಳಿಸಿಕೊಳ್ಳುವ ಹಳೆಯ ನಿಯಮವೇ ಇಂದಿಗೂ ನಿಯಮ. ಇಳಿಜಾರಿನಲ್ಲಿ ಚಿಕ್ಕ ಗೇರಿನಲ್ಲಿ ಇಳಿಯಬೇಕು.

ಸಡಿಲ ಜಲ್ಲಿ, ಮರಳು, ದಪ್ಪ ಕೆಸರಿನ ಮೇಲೆ ಎಬಿಎಸ್ ಇದ್ದರೂ ಗಾಡಿ ನಿಲ್ಲಲು ಹೆಚ್ಚು ದೂರ ಬೇಕಾಗಬಹುದು. ರಸ್ತೆಯ ಮೇಲೆ ಒಕ್ಕಣೆಗೆ ಹರಡಿದ ರಾಗಿ, ಜೋಳ, ಕಡಲೆಕಾಯಿ ಬಳ್ಳಿಯ ಮೇಲೂ ಅಷ್ಟೇ. ಕಾಸರಗೋಡಿನ ಮಳೆಗಾಲದ ಒದ್ದೆ ಡಾಂಬರಿನಲ್ಲಾದರೆ ಅದು ಬಹಳ ಸಹಾಯಕ್ಕೆ ಬರುತ್ತದೆ, ಆದರೆ ಟೈರು ಸವೆದು ನುಣುಪಾಗಿದ್ದರೆ ಅಲ್ಲೂ ಪ್ರಯೋಜನ ಕಡಿಮೆ. ಇರುವ ಹಿಡಿತವನ್ನು ಎಬಿಎಸ್ ಕಾಯುತ್ತದೆ, ಇಲ್ಲದ ಹಿಡಿತವನ್ನು ಹುಟ್ಟಿಸುವುದಿಲ್ಲ.

ಇನ್ನೊಂದು ಅಪಾಯ ನಮ್ಮ ಮನಸ್ಸಿನದು. 1980ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಟ್ಯಾಕ್ಸಿಗಳಲ್ಲಿ ಕೆಲವಕ್ಕೆ ಎಬಿಎಸ್ ಹಾಕಿ, ಕೆಲವಕ್ಕೆ ಹಾಕದೆ ಹೋಲಿಸಿ ನೋಡಿದರು. ಅಪಘಾತಗಳು ಕಡಿಮೆಯಾಗಲಿಲ್ಲ. ಒಳ್ಳೆಯ ಬ್ರೇಕ್ ಇದೆ ಎಂಬ ಧೈರ್ಯದಲ್ಲಿ ಚಾಲಕರು ಇನ್ನಷ್ಟು ಬಿರುಸಾಗಿ ಓಡಿಸಿದ್ದರು. ಮಗನಿಗೆ ಎಬಿಎಸ್ ಬೈಕು ಕೊಡಿಸುವ ತಂದೆತಾಯಿ ಈ ಮಾತನ್ನೂ ಅವನ ಕಿವಿಗೆ ಹಾಕಬೇಕು.

ಶೋರೂಮಿನಲ್ಲಿ ಏನು ಕೇಳಬೇಕು?

ಭಾರತದಲ್ಲಿ 125 ಸಿಸಿ ಮೀರಿದ ಹೊಸ ಮಾಡೆಲ್‌ಗಳಿಗೆ 2018ರ ಏಪ್ರಿಲ್ 1ರಿಂದ, ಮೊದಲೇ ಮಾರಾಟದಲ್ಲಿದ್ದ ಮಾಡೆಲ್‌ಗಳಿಗೆ 2019ರ ಏಪ್ರಿಲ್ 1ರಿಂದ ಎಬಿಎಸ್ ಕಡ್ಡಾಯವಾಯಿತು. 125 ಸಿಸಿವರೆಗಿನವಕ್ಕೆ ಸಿಬಿಎಸ್ ಇದ್ದರೂ ಸಾಕು ಎಂದಿತು ಆ ನಿಯಮ. ಆದರೆ ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು 100ರಿಂದ 125 ಸಿಸಿಯ ಬೈಕು, ಸ್ಕೂಟರುಗಳೇ. 2025ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಕರಡು ನಿಯಮ, 2026ರ ಜನವರಿ 1ರಿಂದ ತಯಾರಾಗುವ ಚಿಕ್ಕ ಗಾಡಿಗಳಿಗೂ ಎಬಿಎಸ್ ಹಾಕಬೇಕೆಂದು ಪ್ರಸ್ತಾಪಿಸಿತು. ಕರಡನ್ನು ನೆಚ್ಚಿ ಕೂರದೆ, ಕಣ್ಣೆದುರು ನಿಂತ ಗಾಡಿಯಲ್ಲಿ ಏನಿದೆ ಎಂದು ಕೇಳಿ ತಿಳಿಯಿರಿ.

ಸಿಬಿಎಸ್ ಬೇರೆ, ಎಬಿಎಸ್ ಬೇರೆ. ಸಿಬಿಎಸ್ ಎಂದರೆ ಒಂದು ಬ್ರೇಕ್ ಹಿಡಿದಾಗ ಇನ್ನೊಂದು ಚಕ್ರಕ್ಕೂ ಸ್ವಲ್ಪ ಬ್ರೇಕ್ ಬೀಳುವ ವ್ಯವಸ್ಥೆ. ಹಿಂದಿನ ಬ್ರೇಕನ್ನಷ್ಟೇ ತುಳಿಯುವವರಿಗೆ ಅದರಿಂದ ಲಾಭವಿದೆ, ಆದರೆ ಚಕ್ರ ಲಾಕ್ ಆಗುವುದನ್ನು ಅದು ತಡೆಯುವುದಿಲ್ಲ.

ಎಬಿಎಸ್‌ನಲ್ಲೂ ಎರಡು ಬಗೆ. ಸಿಂಗಲ್ ಚಾನೆಲ್ ಮುಂದಿನ ಚಕ್ರವನ್ನು ಮಾತ್ರ ಕಾಯುತ್ತದೆ, ಡ್ಯುಯಲ್ ಚಾನೆಲ್ ಎರಡನ್ನೂ ಕಾಯುತ್ತದೆ. ಕೈಗೆಟುಕಿದರೆ ಡ್ಯುಯಲ್ ಒಳ್ಳೆಯದು. ಆಗದಿದ್ದರೆ ಸಿಂಗಲ್ ಚಾನೆಲ್ ಕೂಡ ಹೆಚ್ಚು ಅಪಾಯದ ಚಕ್ರವನ್ನೇ ಕಾಯುತ್ತದೆ ಎಂಬ ಸಮಾಧಾನವಿದೆ.

ಬಳಸುವ ಬಗೆ

ಎಬಿಎಸ್ ಇದ್ದರೆ ಅಪಾಯದ ಹೊತ್ತಿನಲ್ಲಿ ಗಾಡಿಯನ್ನು ನೆಟ್ಟಗಿಟ್ಟು ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿಯಿರಿ. ಬ್ರೇಕ್ ಲಿವರ್ ನಡುಗಿದಂತಾಗುತ್ತದೆ. ಅದು ಕೆಟ್ಟಿದ್ದರ ಗುರುತಲ್ಲ, ಎಬಿಎಸ್ ಕೆಲಸ ಮಾಡುತ್ತಿರುವುದರ ಗುರುತು. ಗಾಬರಿಯಾಗಿ ಬಿಡಬೇಡಿ. ಸಿಂಗಲ್ ಚಾನೆಲ್ ಗಾಡಿಯಲ್ಲಿ ಹಿಂದಿನ ಬ್ರೇಕನ್ನು ಮಾತ್ರ ಹಿತವಾಗಿ ತುಳಿಯಿರಿ. ಹೊಸ ಗಾಡಿ ಬಂದ ವಾರದಲ್ಲೇ ಖಾಲಿ ಮೈದಾನದಲ್ಲೋ ಓಡಾಟವಿಲ್ಲದ ನೇರ ರಸ್ತೆಯಲ್ಲೋ 20–30ರ ವೇಗದಲ್ಲಿ ನಾಲ್ಕಾರು ಸಲ ಹಿಡಿದು ನೋಡಿದರೆ ಕೈಗೆ ಅಭ್ಯಾಸವಾಗುತ್ತದೆ. ಈಗಾಗಲೇ ಮನೆಯಲ್ಲಿರುವ, ಎಬಿಎಸ್ ಇಲ್ಲದ ಗಾಡಿಯಲ್ಲೂ ಮುಂದಿನ ಬ್ರೇಕನ್ನು ಬಳಸಲೇಬೇಕು. ಅಲ್ಲಿ ಒಮ್ಮೆಲೇ ಕಿತ್ತೆಳೆಯದೆ, ಮೊದಲು ಹಗುರವಾಗಿ, ಆಮೇಲೆ ಬಿಗಿಯಾಗಿ ಹಿಡಿಯುವುದನ್ನು ಕಲಿಯಬೇಕು.

ಮೀಟರಿನಲ್ಲಿ ಎಬಿಎಸ್ ಎಂದು ಬರೆದ ದೀಪ ಗಾಡಿ ಚಾಲೂ ಮಾಡಿದಾಗ ಉರಿದು, ಸ್ವಲ್ಪ ದೂರ ಹೋದೊಡನೆ ಆರಬೇಕು. ಆರದೇ ಇದ್ದರೆ ಎಬಿಎಸ್ ಕೆಲಸ ಮಾಡುತ್ತಿಲ್ಲ ಎಂದರ್ಥ. ಮಾಮೂಲಿ ಬ್ರೇಕ್ ಇರುತ್ತದೆ, ಆದರೆ ತಡಮಾಡದೆ ತೋರಿಸಿ. ಚಕ್ರದ ಬಳೆ ಮತ್ತು ಸೆನ್ಸರಿಗೆ ಮೆತ್ತಿದ ಎರೆಮಣ್ಣನ್ನು ತೊಳೆಯಿರಿ. ಬ್ರೇಕ್ ಆಯಿಲನ್ನು ಗಾಡಿಯ ಪುಸ್ತಕದಲ್ಲಿ ಹೇಳಿದ ಸಮಯಕ್ಕೆ ಬದಲಾಯಿಸಿ.

ಕೊನೆಯದಾಗಿ ಹೆಲ್ಮೆಟ್. 2022ರಲ್ಲಿ ಹೆಲ್ಮೆಟ್ ಧರಿಸದೆ ಸತ್ತವರು 50,029 ಮಂದಿ, ಅವರಲ್ಲಿ 14,337 ಮಂದಿ ಹಿಂದೆ ಕುಳಿತವರು. ಎಬಿಎಸ್ ಬೀಳದಂತೆ ನೋಡಿಕೊಳ್ಳುತ್ತದೆ, ಬಿದ್ದ ಮೇಲೆ ಕಾಯುವುದು ಹೆಲ್ಮೆಟ್ ಒಂದೇ. ದುಡ್ಡು ಸಾಲದೆ ಎರಡರಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ಮೊದಲು ಇಬ್ಬರಿಗೂ ಐಎಸ್‌ಐ ಗುರುತಿನ ಹೆಲ್ಮೆಟ್ ಕೊಳ್ಳಿ. ಗಾಡಿ ಬದಲಿಸುವ ಕಾಲ ಬಂದಾಗ ಬಣ್ಣ, ಅಲಾಯ್ ಚಕ್ರ, ಸ್ಟಿಕ್ಕರಿಗೆ ಕೊಡುವ ಹೆಚ್ಚಿನ ಹಣವನ್ನು ಎಬಿಎಸ್‌ಗೆ ಕೊಡಿ.

ಸಂಘದ ಕಾರ್ಯಕ್ರಮಗಳಿಗೆ ಬೈಕಿನಲ್ಲಿ ಬರುವ ಸದಸ್ಯರೆಲ್ಲರೂ ಹೆಲ್ಮೆಟ್ ಧರಿಸಿ ಬನ್ನಿ. ದೂರದ ಊರಿನವರು ಕತ್ತಲಾಗುವ ಮೊದಲೇ ಹೊರಡಿ, ಊಟದ ವ್ಯವಸ್ಥೆಯನ್ನು ಬೇಗ ಮಾಡಿಕೊಡಲು ನಾವು ಸಿದ್ಧರಿದ್ದೇವೆ. ಎಲ್ಲರೂ ಸುಖವಾಗಿ ಮನೆ ಸೇರೋಣ.