ಪಾಯದ ಮಣ್ಣೇ ಮನೆಯ ಗೋಡೆ

ಬೆಂಗಳೂರಿನಲ್ಲಿ ಸ್ವಂತ ಮನೆ ಕಟ್ಟಿಸುವವರು ಪಾಯ ಹಾಗೂ ಸಂಪಿಗಾಗಿ ಅಗೆದ ಮಣ್ಣನ್ನು ಸಾಮಾನ್ಯವಾಗಿ ಹಣ ತೆತ್ತು ಹೊರಗೆ ಸಾಗಿಸುತ್ತಾರೆ. ಬಳಿಕ ಗೂಡುಗಳಲ್ಲಿ ಸುಟ್ಟ ಇಟ್ಟಿಗೆಯನ್ನು ಮತ್ತೆ ಹಣ ತೆತ್ತು ತರಿಸುತ್ತಾರೆ. ಈ ಎರಡು ಲಾರಿ ಬಾಡಿಗೆಗಳನ್ನು ತಪ್ಪಿಸುವ ದಾರಿಯೊಂದು ಇದೇ ನಗರದಲ್ಲಿ ರೂಪುಗೊಂಡಿದೆ. ಅದೇ ಸ್ಥಿರೀಕೃತ ಮಣ್ಣಿನ ಇಟ್ಟಿಗೆ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಗ್ರಾಮೀಣ ತಂತ್ರಜ್ಞಾನಕ್ಕೆ ಮೀಸಲಾಗಿತ್ತು. ಅಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮೊದಲಾದವರು ಅಭಿವೃದ್ಧಿಪಡಿಸಿದ ಮಣ್ಣಿನ ಇಟ್ಟಿಗೆ ಕಾಲಕ್ರಮೇಣ ನಗರದ ಆಧುನಿಕ ಮನೆಗಳನ್ನೂ ಪ್ರವೇಶಿಸಿತು. ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ಅವರು ತಮ್ಮ ಸ್ವಂತ ಮನೆಯನ್ನೂ ಮಣ್ಣಿನಿಂದಲೇ ಕಟ್ಟಿ, ಇಂತಹ ಅನೇಕ ಮನೆಗಳನ್ನು ವಿನ್ಯಾಸಗೊಳಿಸಿದ್ದಾರೆ.

ತಯಾರಿಕೆಯ ಕ್ರಮ ಸರಳವಾದುದು. ಜರಡಿ ಹಿಡಿದ ಮಣ್ಣಿಗೆ ಅಗತ್ಯವಿದ್ದಷ್ಟು ಮರಳು, ಶೇ. 6ರಿಂದ 8ರಷ್ಟು ಸಿಮೆಂಟು ಹಾಗೂ ಅಲ್ಪ ನೀರು ಬೆರೆಸಿ, ಕೈಯಂತ್ರದಲ್ಲಿ ಒತ್ತಿ ಅಚ್ಚು ತೆಗೆಯಲಾಗುತ್ತದೆ. ಅನಂತರ ಸುಮಾರು ಮೂರು ವಾರ ತೇವದಲ್ಲಿಟ್ಟರೆ ಇಟ್ಟಿಗೆ ಗಟ್ಟಿಯಾಗುತ್ತದೆ. ಸುಡುವ ಕೆಲಸವಿಲ್ಲ. ಪ್ರೊ. ಬಿ.ವಿ. ವೆಂಕಟರಾಮ ರೆಡ್ಡಿ ಹಾಗೂ ಪ್ರೊ. ಜಗದೀಶ್ ಅವರು 2003ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಶೇ. 6 ಸಿಮೆಂಟು ಬೆರೆತ ಇಟ್ಟಿಗೆಗೆ ತಗಲುವ ಶಕ್ತಿಯು ಸುಟ್ಟ ಇಟ್ಟಿಗೆಗೆ ಬೇಕಾಗುವುದರ ಸುಮಾರು ಕಾಲುಭಾಗ ಮಾತ್ರ.

ಆದರೆ ಈ ಉಳಿತಾಯವು ವಿನ್ಯಾಸದಲ್ಲಿ ಶಿಸ್ತನ್ನು ಬೇಡುತ್ತದೆ. ಗೋಡೆಗೆ ಗಿಲಾವು ಮಾಡದೆ ಬಿಡುವುದರಿಂದ ಮಳೆಯ ಎರಚಲು ತಡೆಯಲು ಸೂರು ಅಗಲವಾಗಿರಬೇಕು. ಗೋಡೆಯ ಬುಡಕ್ಕೆ ತೇವ ಏರದಂತೆ ಕಲ್ಲಿನ ಅಡಿಪಾಯ ಎತ್ತರವಾಗಿರಬೇಕು. ವಿದ್ಯುತ್ ತಂತಿ, ನೀರಿನ ಕೊಳವೆಗಳ ಮಾರ್ಗವನ್ನು ಮೊದಲೇ ನಿರ್ಧರಿಸಬೇಕು. ಕಟ್ಟಿದ ಮೇಲೆ ಗೋಡೆ ಒಡೆದರೆ ಗಾಯ ಕಣ್ಣಿಗೆ ರಾಚುತ್ತದೆ. ಮೇಸ್ತ್ರಿಯ ಕೈಚಳಕವನ್ನು ಮುಚ್ಚಿಡಲು ಇಲ್ಲಿ ಗಾರೆಯ ಲೇಪವಿರುವುದಿಲ್ಲ.

ಎಲ್ಲ ಮಣ್ಣೂ ಇದಕ್ಕೆ ಒದಗದು. ಬೆಂಗಳೂರು ಸುತ್ತಲಿನ ಕೆಂಪು ಮಣ್ಣು ಸಾಮಾನ್ಯವಾಗಿ ಅನುಕೂಲಕರ. ಉತ್ತರ ಕರ್ನಾಟಕದ ಎರೆಮಣ್ಣು ತೇವಕ್ಕೆ ಉಬ್ಬಿ, ಒಣಗಿದಾಗ ಬಿರಿಯುವುದರಿಂದ ಸುಣ್ಣದಂತಹ ಬೇರೆ ಉಪಚಾರ ಬೇಕು. ಮಣ್ಣನ್ನೇ ದೂರದಿಂದ ತರಿಸಬೇಕಾದರೆ ಲಾಭವೆಲ್ಲ ಸಾಗಣೆಯಲ್ಲೇ ಕರಗುತ್ತದೆ. ಇಂತಹ ಇಟ್ಟಿಗೆಯ ಗುಣಮಟ್ಟಕ್ಕೆ 2013ರಲ್ಲಿ ಪರಿಷ್ಕೃತವಾದ ಐಎಸ್ 1725 ಮಾನಕವಿದೆ.

ಉದ್ಯಮಿಗಳು ಗಮನಿಸಬೇಕಾದ ಅಂಶವೂ ಇಲ್ಲಿದೆ. ಗೂಡಿಗೂ ಲಾರಿಗೂ ಹೋಗುತ್ತಿದ್ದ ಹಣದ ಬಹುಪಾಲು ನಿವೇಶನದಲ್ಲಿ ದುಡಿಯುವವರ ಕೂಲಿಯಾಗುತ್ತದೆ. ಒತ್ತುಯಂತ್ರ ಬಾಡಿಗೆಗೆ ಕೊಡುವುದು, ಮಣ್ಣು ಪರೀಕ್ಷೆ, ಮೇಸ್ತ್ರಿಗಳ ತರಬೇತಿ ಇವೆಲ್ಲ ಅಲ್ಪ ಬಂಡವಾಳದ ಸಣ್ಣ ಉದ್ಯಮಗಳಿಗೆ ಒಗ್ಗುವ ಕ್ಷೇತ್ರಗಳು. ಇನ್ನು ಮನೆ ಕಟ್ಟಿಸುವವರು ನಕ್ಷೆಗೆ ಒಪ್ಪಿಗೆ ನೀಡುವ ಮುನ್ನವೇ ನಿವೇಶನದ ಮಣ್ಣನ್ನು ಪರೀಕ್ಷೆಗೆ ಕಳುಹಿಸುವುದು ಲೇಸು. ಮಣ್ಣು ಲಾರಿ ಏರಿದ ಮೇಲೆ ಈ ಆಯ್ಕೆ ಉಳಿಯುವುದಿಲ್ಲ.