ಪಂಪ್‌ಸೆಟ್ಟಿನ ಕಾವಲು

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಬೇಸಿಗೆ ಬಲಿತಂತೆ ಅನೇಕ ಅಡಕೆ ತೋಟಗಳ ಜೀವವು ವಿದ್ಯುತ್ ಪಂಪ್‌ಸೆಟ್ಟನ್ನು ಅವಲಂಬಿಸುತ್ತದೆ. ಮೋಟಾರು ಸುಟ್ಟರೆ ರಿವೈಂಡಿಂಗಿನ ವೆಚ್ಚದೊಡನೆ ನೀರುಣಿಸುವ ದಿನಗಳೂ ನಷ್ಟವಾಗುತ್ತವೆ. ಆದುದರಿಂದ ಅದರ ರಕ್ಷಣಾ ಜೋಡಣೆಯನ್ನು ಅರಿತಿರುವುದು ಅವಶ್ಯಕ.

ತ್ರೀ-ಫೇಸ್ ಸ್ಟಾರ್ಟರಿನಲ್ಲಿ ಎರಡು ದಾರಿಗಳುಂಟು. ಮೂರು ಫೇಸುಗಳ 415 ವೋಲ್ಟ್ ವಿದ್ಯುತ್ತು ಕಾಂಟ್ಯಾಕ್ಟರಿನ ಮೂಲಕ ಮೋಟಾರಿಗೆ ಹರಿಯುವುದು ಒಂದು. ಆ ಕಾಂಟ್ಯಾಕ್ಟರನ್ನು ಹಿಡಿದಿಡುವ ಕಾಯಿಲಿಗೆ ಅಲ್ಪ ಪ್ರವಾಹ ಹರಿಯುವುದು ಇನ್ನೊಂದು. ಬಾವಿಯ ನೀರಿನ ಮಟ್ಟವನ್ನರಿಯುವ ಸೆನ್ಸರಿನ ರಿಲೇ, ಫೇಸ್ ತಪ್ಪಿದುದನ್ನು ಗುರುತಿಸುವ ಪ್ರಿವೆಂಟರು, ಓವರ್‌ಲೋಡ್ ರಿಲೇ, ಇವುಗಳ ಸಂಪರ್ಕಬಿಂದುಗಳನ್ನು ಎರಡನೆಯ ದಾರಿಯಲ್ಲಿ ಸರಪಳಿಯ ಕೊಂಡಿಗಳಂತೆ ಸಾಲಾಗಿ ಜೋಡಿಸಬೇಕು. ಒಂದು ಕೊಂಡಿ ಬಿಚ್ಚಿದರೂ ಕಾಂಟ್ಯಾಕ್ಟರು ಬಿಟ್ಟುಕೊಂಡು ಮೋಟಾರು ನಿಲ್ಲುತ್ತದೆ.

ಒಂದು ಫೇಸ್ ಇಲ್ಲದಾಗ ಪ್ರಿವೆಂಟರನ್ನು ತಪ್ಪಿಸಿ ತಂತಿ ಕೊಡುವವರುಂಟು. ಆಗ ಉಳಿದೆರಡು ಫೇಸುಗಳಲ್ಲಿ ಪ್ರವಾಹವು ಮಿತಿಮೀರಿ ವೈಂಡಿಂಗ್ ಕಾದು ಸುಡುತ್ತದೆ. ಒಂದು ದಿನದ ನೀರಿನಾಸೆಗೆ ಹಲವು ದಿನಗಳ ನೀರನ್ನು ಕಳೆದುಕೊಂಡಂತಾಗುತ್ತದೆ.

ಇಷ್ಟೆಲ್ಲ ಕಾವಲೂ ಯಂತ್ರಕ್ಕೆ ಮಾತ್ರ. ಒದ್ದೆ ನೆಲದಲ್ಲಿ ನಿಂತು ಸ್ವಿಚ್ಚು ಒತ್ತುವ ಮನುಷ್ಯನ ರಕ್ಷಣೆಗೆ ಮೋಟಾರಿನ ಹಾಗೂ ಸ್ಟಾರ್ಟರ್ ಪೆಟ್ಟಿಗೆಯ ಲೋಹದ ಮೈಗೆ ಸಮರ್ಪಕವಾದ ಅರ್ತಿಂಗ್ ಇರಲೇಬೇಕು. ಬೇಸಿಗೆಯಲ್ಲಿ ಅರ್ತಿನ ಗುಂಡಿ ಒಣಗಿದರೆ ಆ ರಕ್ಷಣೆಯೂ ಕುಂದುವುದರಿಂದ, ತೋಟಕ್ಕೆ ಹಾಯಿಸುವ ನೀರಿನಲ್ಲಿ ಒಂದು ಕೊಡವನ್ನು ಅದಕ್ಕೂ ಎರೆಯುವುದು ವಿವೇಕ.