ಕತ್ತಲಿನಲ್ಲಿ ಹೊಳೆಯುವ ಕಣ್ಣುಗಳು

ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳಿನ ಒಂದು ರಾತ್ರಿ ನಾವು ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ, ಗೌಲ್ಬರ್ನ್ ಪಟ್ಟಣದ ಸಮೀಪದ ಕುರಿಗಳ ಹುಲ್ಲುಗಾವಲೊಂದರಲ್ಲಿ ಇದ್ದೆವು. ಅಲ್ಲಿ ಜುಲೈ ಎಂದರೆ ನಡುಚಳಿಗಾಲ. ಕುರಿಗಳು ಮರಿಹಾಕುವ ಕಾಲವೂ ಹೌದು. ಅಲ್ಲಿಯೇ ನೆಲಸಿರುವ ನಮ್ಮ ಹಳೆಯ ಸಹಪಾಠಿಯೊಬ್ಬರು, ಹುಟ್ಟಿದ ಮರಿಗಳನ್ನು ನರಿ ಹೊತ್ತೊಯ್ಯುತ್ತಿದೆಯೆಂದು ರೈತನೊಬ್ಬನು ದೂರಿಕೊಂಡದ್ದರಿಂದ, ಪರವಾನಗಿಯ ರೈಫಲ್ಲನ್ನು ತೆಗೆದುಕೊಂಡು ಹೊರಟಿದ್ದರು. ಬೇಟೆಯಲ್ಲಿ ನಮಗೆ ಆಸಕ್ತಿ ಇರಲಿಲ್ಲ. ಆದುದರಿಂದ ದೀಪ ಹಿಡಿಯುವ ಕೆಲಸ ನಮ್ಮ ಪಾಲಿಗೆ ಬಂದಿತು.

ಈ ನರಿಯ ವಿಚಾರದಲ್ಲಿ ವಾಚಕರಿಗೆ ಒಂದು ಮಾತನ್ನು ಮೊದಲೇ ಹೇಳಬೇಕು. ಅದು ಯೂರೋಪಿನ ಕೆಂಪು ನರಿ; ಆಸ್ಟ್ರೇಲಿಯದ ಮೂಲಪ್ರಾಣಿಯಲ್ಲ. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರನು ವಿಕ್ಟೋರಿಯದಲ್ಲಿ ಮೊಲಗಳನ್ನು ಬಿಟ್ಟನು. 1870ರ ದಶಕದಲ್ಲಿ ಮೆಲ್ಬರ್ನಿನ ಸುತ್ತಮುತ್ತ, ಕುದುರೆಯೇರಿ ನಾಯಿಗಳೊಡನೆ ಬೇಟೆಯಾಡುವ ವಿನೋದಕ್ಕಾಗಿ, ನರಿಗಳನ್ನು ಬಿಟ್ಟರು. ಮೊಲ ಹಬ್ಬಿದ ಕಡೆಗೆಲ್ಲ ನರಿಯೂ ಹಬ್ಬಿತು. ಈಗ ಆ ಖಂಡದಲ್ಲಿ ಸುಮಾರು 17 ಲಕ್ಷ ನರಿಗಳಿರಬಹುದೆಂದು ಅಂದಾಜು. ಇಂತಹ ಶತ್ರುವನ್ನು ಎಂದೂ ಕಂಡರಿಯದ ಅಲ್ಲಿನ ಸಣ್ಣ ಪ್ರಾಣಿಗಳಿಗೆ ಇದೊಂದು ದೊಡ್ಡ ವಿಪತ್ತಾಯಿತು. ನಮ್ಮ ಹೊಲಗಳಲ್ಲಿ ಇಲಿ, ಹುಳು, ಬೋರೆಹಣ್ಣು ಮುಂತಾದುವನ್ನು ತಿಂದು ಬದುಕುವ ಕಿರಿಯ ನರಿ ಬೇರೆ ಜಾತಿಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದನ್ನು ಬೇಟೆಯಾಡುವುದು ಅಪರಾಧ.

ಇನ್ನು ಆ ರಾತ್ರಿಯ ವಿಷಯ. ನಾವು ಪಿಕಪ್ ವಾಹನದ ಹಿಂಭಾಗದಲ್ಲಿ ನಿಂತು ದೀಪವನ್ನು ನಿಧಾನವಾಗಿ ಎಡದಿಂದ ಬಲಕ್ಕೆ ಬೀಸುತ್ತಿದ್ದೆವು. ಅದು ವಾಹನದ 12 ವೋಲ್ಟಿನ ಬ್ಯಾಟರಿಯಿಂದ ಉರಿಯುವ 100 ವಾಟಿನ ಹ್ಯಾಲೊಜೆನ್ ದೀಪ. ಕುರಿಗಳ ಮಂದೆಯ ಮೇಲೆ ಬೆಳಕು ಬಿದ್ದಾಗ ದೂರದ ಊರಿನ ದೀಪಗಳು ಒಮ್ಮೆಗೇ ಹೊತ್ತಿಕೊಂಡಂತೆ ನೂರಾರು ಕಣ್ಣುಗಳು ಮಿನುಗಿದುವು. ಮುಂದೆ ತಂತಿಬೇಲಿಯ ಗೇಟು ಬಂದಿತು. ದೀಪವನ್ನು ಮಿತ್ರರ ಕೈಗೆ ಕೊಟ್ಟು ನಾವು ಗೇಟು ತೆಗೆಯಲು ಇಳಿದೆವು. ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋಗಿದ್ದೆವೋ ಇಲ್ಲವೋ, ಮಿತ್ರರು ಪಿಸುದನಿಯಲ್ಲಿ, “ನೋಡು, ಬೇಲಿಯ ಮೂಲೆಯಲ್ಲಿ ಎರಡು ಕಣ್ಣು!” ಎಂದರು. ನಮಗೆ ಏನೂ ಕಾಣಲಿಲ್ಲ. “ಎಲ್ಲಿಯೋ?” ಎಂದೆವು. “ಎದುರಿಗೇ ಕೆಂಡದಂತೆ ಉರಿಯುತ್ತಿದೆ, ಕಾಣುವುದಿಲ್ಲವೇನೋ?” ಎಂದು ಅವರು ರೇಗಿದರು. ಹಿಂದಿರುಗಿ ವಾಹನವನ್ನೇರಿ ಅವರ ಭುಜದ ಬಳಿ ನಿಂತೆವು. ನೂರು ಮೀಟರು ದೂರದಲ್ಲಿ, ನೆಲಕ್ಕೆ ಸಮೀಪವಾಗಿ, ಎರಡು ಹಸುರು ಚುಕ್ಕೆಗಳು ನಿಶ್ಚಲವಾಗಿ ಹೊಳೆಯುತ್ತಿದ್ದುವು.

ಅದೇ ಕಣ್ಣು, ಅದೇ ದೀಪ. ನಾಲ್ಕು ಹೆಜ್ಜೆಗಳ ಅಂತರದಲ್ಲಿ ಒಬ್ಬನಿಗೆ ಕಾಣುವುದು ಇನ್ನೊಬ್ಬನಿಗೆ ಕಾಣದಿರುವುದೇಕೆ?

ಕತ್ತಲೆಯಲ್ಲಿ ಬೆಕ್ಕಿನ ಕಣ್ಣು ತಾನಾಗಿಯೇ ಬೆಳಕು ಬೀರುತ್ತದೆಂದು ಇಂದಿಗೂ ನಂಬುವವರು ಉಂಟು. ಪೂರ್ಣ ಕತ್ತಲೆಯ ಕೋಣೆಯಲ್ಲಿ ಬೆಕ್ಕಿನ ಕಣ್ಣು ಹೊಳೆಯುವುದಿಲ್ಲ. ಹೊರಗಿನಿಂದ ಹೋದ ಬೆಳಕೇ ಹಿಂದಿರುಗಿ ಬರುತ್ತದೆ. ನರಿ, ನಾಯಿ, ಬೆಕ್ಕು, ದನ, ಕುರಿ ಮುಂತಾದ ಪ್ರಾಣಿಗಳ ಕಣ್ಣಿನಲ್ಲಿ ಅಕ್ಷಿಪಟಲದ ಹಿಂದೆ ಕನ್ನಡಿಯಂತಹ ಒಂದು ಪದರವಿದೆ. ಇದನ್ನು ಲ್ಯಾಟಿನ್ನಿನಲ್ಲಿ ಟಪೀಟಮ್ ಲ್ಯೂಸಿಡಮ್, ಎಂದರೆ ಹೊಳೆಯುವ ಹಾಸು, ಎನ್ನುತ್ತಾರೆ. ಮಂದವಾದ ಬೆಳಕಿನಲ್ಲಿ ಅಕ್ಷಿಪಟಲದ ಕೋಶಗಳು ತಮ್ಮ ಮೂಲಕ ಹಾಯುವ ಬೆಳಕನ್ನೆಲ್ಲ ಹಿಡಿಯಲಾರವು. ತಪ್ಪಿಸಿಕೊಂಡ ಬೆಳಕನ್ನು ಈ ಪದರವು ಹಿಂದಕ್ಕೆ ಕಳುಹಿಸಿ, ಅದೇ ಕೋಶಗಳಿಗೆ ಎರಡನೆಯ ಅವಕಾಶವನ್ನು ಕೊಡುತ್ತದೆ. ಇದರಿಂದ ಬಿಂಬದ ಸ್ಪಷ್ಟತೆ ಸ್ವಲ್ಪ ಕುಂದುತ್ತದೆ. ಆದರೆ ಇರುಳಿನಲ್ಲಿ ಆಹಾರ ಹುಡುಕುವ ಪ್ರಾಣಿಗೆ ಈ ವ್ಯಾಪಾರ ಲಾಭದಾಯಕವೇ. ಎರಡನೆಯ ಸಲವೂ ತಪ್ಪಿಸಿಕೊಂಡ ಬೆಳಕೇ ನಮಗೆ ಕಾಣುವ ಹೊಳಪು.

ಈ ಪದರ ಲೋಹದ ಕನ್ನಡಿಯಲ್ಲ. ನರಿ ಮತ್ತು ನಾಯಿಗಳಲ್ಲಿ ಇದು ಸತುವಿನ ಸಂಯುಕ್ತದಿಂದಾದ ಅತಿ ಸಣ್ಣ ಕಡ್ಡಿಗಳು ಒತ್ತೊತ್ತಾಗಿ, ಕ್ರಮವಾದ ಅಂತರದಲ್ಲಿ ಜೋಡಿಸಿಕೊಂಡಿರುವ ಕೋಶಗಳ ಅಡಕಲು. ಸೋಪಿನ ಗುಳ್ಳೆಯ ಮೇಲೆ ಬಣ್ಣಗಳು ಮೂಡುವಂತೆ ಇಲ್ಲಿಯೂ ಬೇರೆಬೇರೆ ಪದರಗಳಿಂದ ಪ್ರತಿಫಲಿಸಿದ ಅಲೆಗಳು ಕೂಡಿಕೊಂಡು ಕೆಲವು ಬಣ್ಣಗಳನ್ನು ಬಲಪಡಿಸುತ್ತವೆ. ಕಣ್ಣು ಒಮ್ಮೆ ಹಸುರಾಗಿಯೂ ಒಮ್ಮೆ ಹಳದಿಯಾಗಿಯೂ ಕಾಣುವುದಕ್ಕೆ ಇದು ಕಾರಣ. ನೋಡುವ ಕೋನ ಬದಲಾದರೆ ಬಣ್ಣವೂ ಬದಲಾಗಬಹುದು. ಮೊಲಕ್ಕೂ ಹಂದಿಗೂ ಮನುಷ್ಯನಿಗೂ ಈ ಪದರವಿಲ್ಲ. ಫೋಟೋಗಳಲ್ಲಿ ನಮ್ಮ ಕಣ್ಣು ಕೆಂಪಾಗಿ ಕಾಣುವುದು ಅಕ್ಷಿಪಟಲದ ಹಿಂದಿನ ರಕ್ತನಾಳಗಳಿಂದ.

ಕನ್ನಡಿಯಿದ್ದ ಮಾತ್ರಕ್ಕೆ ಬೆಳಕು ಬಂದ ದಾರಿಯಲ್ಲಿಯೇ ಹಿಂದಿರುಗಬೇಕೆಂದೇನೂ ಇಲ್ಲ. ಗೋಡೆಯ ಕನ್ನಡಿಗೆ ಓರೆಯಾಗಿ ಬಿದ್ದ ಬೆಳಕು ಮತ್ತೊಂದು ಕಡೆಗೆ ಹೋಗುತ್ತದೆ. ಇಲ್ಲಿ ವ್ಯತ್ಯಾಸ ಮಾಡುವುದು ಕಣ್ಣಿನ ಮಸೂರ. ದೂರದ ದೀಪದಿಂದ ಬಂದ ಕಿರಣಗಳನ್ನು ಅದು ಅಕ್ಷಿಪಟಲದ ಒಂದು ಬಿಂದುವಿಗೆ ಕೇಂದ್ರೀಕರಿಸುತ್ತದೆ. ಆ ಬಿಂದುವಿನಿಂದ ಹೊರಟ ಬೆಳಕು ಮತ್ತೆ ಅದೇ ಮಸೂರದ ಮೂಲಕ ಹಾಯಬೇಕು. ಕಿರಣದ ದಾರಿಯನ್ನು ತಿರುಗಿಸಿದರೆ ಅದು ಬಂದ ದಾರಿಯನ್ನೇ ಹಿಡಿಯುತ್ತದೆಂಬುದನ್ನು ವಿದ್ಯಾರ್ಥಿಗಳು ಓದಿದ್ದಾರೆ. ಆದುದರಿಂದ ಬೆಳಕು ದೀಪದ ಕಡೆಗೇ ಹಿಂದಿರುಗುತ್ತದೆ. ಮನುಷ್ಯನ ಪಾಪೆ ಸದಾ ಕಪ್ಪಾಗಿ ಕಾಣುವುದಕ್ಕೂ ಇದೇ ಕಾರಣ: ಹಿಂದಿರುಗುವ ಅಲ್ಪ ಬೆಳಕು ದೀಪದ ಬಳಿಗೆ ಹೋಗುತ್ತದೆ, ನೋಡುವವನ ಬಳಿಗಲ್ಲ. ದೀಪವನ್ನೂ ನೋಡುವವನ ಕಣ್ಣನ್ನೂ ಒಂದೇ ರೇಖೆಗೆ ತರುವ ಉಪಾಯವನ್ನು ಮಾಡಿ, ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಜೀವಂತ ಮನುಷ್ಯನ ಅಕ್ಷಿಪಟಲವನ್ನು ನೋಡುವ ಉಪಕರಣವನ್ನು ಪ್ರಕಟಿಸಿದನು. ಇಂದು ಕಣ್ಣಿನ ವೈದ್ಯರು ಬಳಸುವುದು ಅದರ ಸಂತತಿಯನ್ನೇ. ಇಂಗ್ಲೆಂಡಿನ ಪರ್ಸಿ ಷಾ 1934ರಲ್ಲಿ ರಸ್ತೆಯ ನಡುವೆ ಹುದುಗಿಸುವ ಗಾಜಿನ ‘ಬೆಕ್ಕಿನ ಕಣ್ಣು’ಗಳನ್ನು ಕಂಡುಹಿಡಿದದ್ದೂ ಇದೇ ತತ್ತ್ವದ ಮೇಲೆ.

ಪ್ರಾಣಿಯ ಕಣ್ಣಿನ ಮಸೂರ ಪರಿಪೂರ್ಣವಲ್ಲವಾದ್ದರಿಂದ ಹಿಂದಿರುಗುವ ಬೆಳಕು ಸ್ವಲ್ಪ ಹರಡಿಕೊಳ್ಳುತ್ತದೆ. ಲೆಕ್ಕಕ್ಕಾಗಿ, ಅದು ನಡುರೇಖೆಯಿಂದ ಸುತ್ತಲೂ 1 ಡಿಗ್ರಿ ಹರಡುವ ಶಂಕುವಿನಲ್ಲಿ ಬರುತ್ತದೆಂದು ಇಟ್ಟುಕೊಳ್ಳೋಣ. ನೂರು ಮೀಟರು ದೂರದಲ್ಲಿ ಆ ಶಂಕುವಿನ ತ್ರಿಜ್ಯ ಒಂದೂಮುಕ್ಕಾಲು ಮೀಟರು. ದೀಪದಿಂದ ಅಷ್ಟರೊಳಗೆ ನಿಂತವನಿಗೆ ಕಣ್ಣು ಕಾಣುತ್ತದೆ. ನಾಲ್ಕು ಹೆಜ್ಜೆ, ಎಂದರೆ ಸುಮಾರು ಮೂರು ಮೀಟರು, ಆಚೆ ನಿಂತವನಿಗೆ ಕಾಣುವುದಿಲ್ಲ. ಮಿತ್ರರು ನಮ್ಮ ಮೇಲೆ ರೇಗಿದ್ದು ಅನ್ಯಾಯವೇ ಸರಿ!

ಈ ಶಂಕು ಎಷ್ಟು ಕಿರಿದೆಂದರೆ ಅರ್ಧಗೋಳದ ಆರೂವರೆ ಸಾವಿರದಲ್ಲಿ ಒಂದು ಪಾಲು ಮಾತ್ರ. ನರಿಯ ಮೈಕೂದಲಿನ ಮೇಲೆ ಬಿದ್ದ ಬೆಳಕು ಎಲ್ಲ ದಿಕ್ಕಿಗೂ ಚದುರಿಹೋಗುತ್ತದೆ. ಕಣ್ಣಿಗೆ ಹೋದ ಬೆಳಕಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಒಳಗೇ ನಷ್ಟವಾದರೂ ಉಳಿದದ್ದು ಈ ಕಿರಿದಾದ ಶಂಕುವಿನಲ್ಲಿ ಒಟ್ಟುಗೂಡಿ ಬರುತ್ತದೆ. ಆದ್ದರಿಂದ ಒಂದು ಚದರ ಸೆಂಟಿಮೀಟರೂ ಇಲ್ಲದ ಪಾಪೆ ಇಡೀ ದೇಹವನ್ನು ಮೀರಿಸಿ ಬೆಳಗುತ್ತದೆ. ದೂರದಲ್ಲಿ ಪ್ರಾಣಿಯೇ ಕಾಣದೆ ಕಣ್ಣು ಮಾತ್ರ ಕಾಣುವುದು ಹೀಗೆ.

ದೀಪದ ತೀವ್ರತೆ 1,00,000 ಕ್ಯಾಂಡೆಲ ಎಂದುಕೊಂಡರೆ 100 ಮೀಟರು ದೂರದಲ್ಲಿ 10 ಲಕ್ಸ್ ಬೆಳಕು ಬೀಳುತ್ತದೆ. ದೂರದ ವರ್ಗಕ್ಕೆ ಅನುಗುಣವಾಗಿ ಕುಗ್ಗಿ 300 ಮೀಟರಿನಲ್ಲಿ ಸುಮಾರು ಒಂದು ಲಕ್ಸ್ ಮಾತ್ರ. ಹುಣ್ಣಿಮೆಯ ಬೆಳಕು ಸುಮಾರು ಕಾಲು ಲಕ್ಸ್. ಕಣ್ಣಿನ ಚುಕ್ಕೆ ಅಷ್ಟು ದೂರದಿಂದಲೂ ಕಾಣಬಹುದು, ಆದರೆ ಅದರ ಹಿಂದಿನ ಮೈ, ಬಾಲ, ಕಿವಿ, ಇನ್ನೂ ಹಿಂದಿನ ಹೊಲ ಇವೊಂದೂ ತಿಳಿಯುವುದಿಲ್ಲ. ಬಂದೂಕಿನ ಗುಂಡಿನ ಲೆಕ್ಕವೇ ಬೇರೆ. ನರಿಬೇಟೆಗೆ ಬಳಸುವ ಸಾಮಾನ್ಯ ರೈಫಲ್ಲಿನ ಗುಂಡು ಸೆಕೆಂಡಿಗೆ 900 ಮೀಟರಿಗೂ ಹೆಚ್ಚಿನ ವೇಗದಲ್ಲಿ ಹೊರಡುತ್ತದೆ. ತಡೆಯಿಲ್ಲದಿದ್ದರೆ ಎರಡು ಕಿಲೋಮೀಟರನ್ನೂ ದಾಟಬಲ್ಲದು. ಬೆಳಕು ಸೋತು ನಿಂತ ಮೇಲೂ ಗುಂಡು ಮುಂದುವರಿಯುತ್ತದೆ. ಈ ಬೇಟೆಯ ನಿಜವಾದ ಅಪಾಯವಿರುವುದು ಇಲ್ಲಿಯೇ. ಕಣ್ಣನ್ನು ಕಂಡು ಗುಂಡು ಹಾರಿಸಬಾರದು, ಪ್ರಾಣಿಯನ್ನು ಗುರುತಿಸಿ, ಅದರ ಹಿಂದೆ ಗುಂಡನ್ನು ತಡೆಯುವ ದಿಬ್ಬವಿದೆಯೆಂದು ತಿಳಿದ ಮೇಲೆಯೇ ಹಾರಿಸಬೇಕು ಎಂಬ ನಿಯಮ ಅದಕ್ಕಾಗಿಯೇ ಇದೆ.

ದೀಪಕ್ಕೆ ಕೆಂಪು ಗಾಜನ್ನು ಹಾಕುವವರೂ ಇದ್ದಾರೆ. ನಾಯಿಯ ಜಾತಿಯ ಪ್ರಾಣಿಗಳಿಗೆ ಬಣ್ಣ ತಿಳಿಯುವ ಕೋಶಗಳು ಎರಡೇ ಬಗೆ. ಆಳವಾದ ಕೆಂಪು ಅವಕ್ಕೆ ಮಂಕಾಗಿ ಕಾಣುತ್ತದೆ. ಒಮ್ಮೆ ಬೆದರಿದ ನರಿ ಬಿಳಿಯ ದೀಪವನ್ನು ಕಂಡೊಡನೆ ಮುಖ ತಿರುಗಿಸುವುದನ್ನು ಕಲಿತುಬಿಡುತ್ತದೆ. ಮುಖ ತಿರುಗಿಸಿದ ನರಿ ದೀಪದವನ ಪಾಲಿಗೆ ಇಲ್ಲವೇ ಇಲ್ಲ. ಬೇಟೆಯೊಂದರಿಂದಲೇ ನರಿಗಳ ಸಂಖ್ಯೆ ತಗ್ಗದಿರುವುದಕ್ಕೆ ಇದೂ ಒಂದು ಕಾರಣ; ಖಾಲಿಯಾದ ಜಾಗಕ್ಕೆ ನೆರೆಯ ನರಿಗಳು ಬಂದು ಸೇರುವುದು ಇನ್ನೊಂದು. ಅಲ್ಲದೆ ಚಳಿಗೂ ಹಸಿವಿಗೂ ಸತ್ತ ಮರಿಯನ್ನು ನರಿ ತಿಂದಿದ್ದರೂ ಕೊಲೆಯ ಆರೋಪ ನರಿಯ ಮೇಲೆಯೇ ಬರುತ್ತದೆ. ದೊಡ್ಡ ಪ್ರಮಾಣದಲ್ಲಿ ಅಲ್ಲಿ ಬಳಸುವುದು ವಿಷದ ತುತ್ತುಗಳನ್ನು. ಅದೇ ವಿಷ ಪಶ್ಚಿಮ ಆಸ್ಟ್ರೇಲಿಯದ ಕೆಲವು ಗಿಡಗಳಲ್ಲಿ ಸಹಜವಾಗಿಯೇ ಇರುವುದರಿಂದ ಅಲ್ಲಿನ ಅನೇಕ ಮೂಲಪ್ರಾಣಿಗಳು ಅದನ್ನು ತಾಳಿಕೊಳ್ಳುತ್ತವೆ, ನರಿ ತಾಳಲಾರದು. ಇದು ಪ್ರತ್ಯೇಕ ಲೇಖನಕ್ಕೆ ತಕ್ಕ ವಿಷಯ.

ಬಂದೂಕಿಲ್ಲದೆಯೂ ದೀಪಕ್ಕೆ ಕೆಲಸವುಂಟು. ಗೊತ್ತಾದ ದಾರಿಯಲ್ಲಿ ಗೊತ್ತಾದ ವೇಗದಿಂದ ವಾಹನ ನಡೆಸಿ, ದೀಪದಲ್ಲಿ ಕಂಡ ಪ್ರಾಣಿಗಳನ್ನು ಎಣಿಸಿ, ವರ್ಷದಿಂದ ವರ್ಷಕ್ಕೆ ಹೋಲಿಸುವುದು ಪ್ರಾಣಿಶಾಸ್ತ್ರಜ್ಞರ ರೂಢಿ. ವಿದ್ಯಾರ್ಥಿಗಳು ಮನೆಯಲ್ಲಿಯೇ ಒಂದು ಪ್ರಯೋಗ ಮಾಡಿ ನೋಡಬಹುದು. ರಾತ್ರಿ ಅಂಗಳದ ತುದಿಯಲ್ಲಿ ಬೆಕ್ಕು ಕುಳಿತಿರುವಾಗ ಸಣ್ಣ ಟಾರ್ಚೊಂದನ್ನು ಕಣ್ಣಿನ ಪಕ್ಕದಲ್ಲಿ ಹಿಡಿದು ಅದರ ಕಡೆಗೆ ಬೆಳಕು ಬಿಡಿ. ಅನಂತರ ತೋಳನ್ನು ಪೂರ್ತಿ ಚಾಚಿ ಹಿಡಿಯಿರಿ. ಹೊಳಪು ಕುಂದುವುದನ್ನು ಕಾಣುವಿರಿ. ಪ್ರಖರವಾದ ದೀಪದಿಂದ ಆ ಬಡಪ್ರಾಣಿಯನ್ನು ಹಿಂಸಿಸಬೇಡಿ.

ಬೇಲಿಯ ಮೂಲೆಯ ಆ ಎರಡು ಚುಕ್ಕೆಗಳ ಕಥೆ ಉಳಿಯಿತು. ಮಿತ್ರರು ರೈಫಲ್ಲಿನ ದೂರದರ್ಶಕದಲ್ಲಿ ಕಣ್ಣಿಟ್ಟು ಬಹಳ ಹೊತ್ತು ನಿಂತರು. ಎತ್ತರ ನರಿಯದೇ, ಹೊಳಪು ನರಿಯದೇ, ಹುಲ್ಲಿನ ನಡುವೆ ಕಂಡಷ್ಟು ಮೈ ಕೂಡ ಕೆಂಚು. “ದೀಪ ಅಲ್ಲಾಡಿಸಬೇಡ” ಎಂದರು. ನಮಗೆ ಕೈ ಮರಗಟ್ಟಿತ್ತು. ಕೊನೆಗೆ ಆ ಪ್ರಾಣಿ ಎದ್ದು, ಪಕ್ಕಕ್ಕೆ ತಿರುಗಿ, ಮೈಮುರಿಯಿತು. ಬಾಲ ತೆಳ್ಳಗಿತ್ತು, ಕುತ್ತಿಗೆಯಲ್ಲಿ ಪಟ್ಟಿಯಿತ್ತು. ಅದು ಪಕ್ಕದ ಜಮೀನಿನ ಕೆಲ್ಪಿ ಜಾತಿಯ ಕುರಿನಾಯಿ. ನಾಯಿಯೂ ನರಿಯೂ ಒಂದೇ ಕುಲದವು, ಕಣ್ಣಿನ ಪದರವೂ ಒಂದೇ ಬಗೆಯದು. ಮಿತ್ರರು ರೈಫಲ್ಲನ್ನು ಕೆಳಗಿಳಿಸಿ ಗುಂಡುಗಳನ್ನು ತೆಗೆದು ಜೇಬಿಗೆ ಹಾಕಿಕೊಂಡರು. ಅವರ ಕೈ ನಡುಗುತ್ತಿದ್ದುದು ಚಳಿಯಿಂದ ಮಾತ್ರವಲ್ಲವೆಂದು ನಮಗೆ ತೋರಿತು. ಬಳಿಕ ನೆರೆಯವನಿಗೆ ಫೋನು ಮಾಡಿ, ನಾಯಿ ಬಿಚ್ಚಿಕೊಂಡು ಬಂದಿದೆ, ಬಂದು ಕರೆದುಕೊಂಡು ಹೋಗಿ ಎಂದು ತಿಳಿಸಿದರು. ಆ ರಾತ್ರಿ ನಾವು ನರಿಯನ್ನು ಕಾಣಲೇ ಇಲ್ಲ.